ಕಡಂಗಕ್ಕೆ ಮೊಲ ಬಿಟ್ಟ ಕಾಲ

ತರಬೇತಿ ಕೇಂದ್ರದಲ್ಲಿ ನಮಗೆ ಮೊಟ್ಟಮೊದಲು ಕಲಿಸಿದ್ದು ನಗುವುದನ್ನು. ಹಳ್ಳಿಗೆ ಕಾಲಿಟ್ಟ ಕೂಡಲೇ ಗ್ರಾಮಸೇವಕಿ ನಗಬೇಕು, ಸಿಕ್ಕ ಮಗುವಿನ ಮೂಗು ಒರೆಸಬೇಕು, ಹೆಂಗಸರ ಪಕ್ಕ ಕೂತು ಅವರೆಕಾಯಿ ಸುಲಿಯಬೇಕು. ಆಮೇಲೆ ಅಭಿವೃದ್ಧಿ ತಾನಾಗಿಯೇ ಆಗುತ್ತದೆ ಎಂದು ನಮ್ಮ ಉಪನ್ಯಾಸಕಿ ಹೇಳುತ್ತಿದ್ದರು. ಆಕೆ ಹಳ್ಳಿಯನ್ನು ನೋಡಿದ್ದು ರೈಲಿನ ಕಿಟಕಿಯಿಂದ. ನಾವು ನಕ್ಕೆವು, ಮೂಗು ಒರೆಸಿದೆವು, ಅವರೆಕಾಯಿ ಸುಲಿದೆವು. ಹಳ್ಳಿಯ ಹೆಂಗಸರಿಗೆ ಪುಕ್ಕಟೆಯಾಗಿ ಒಬ್ಬ ಆಳು ಸಿಕ್ಕಳು. ಅಭಿವೃದ್ಧಿಯ ಮಾತು ಬೇರೆ.

ಈಗ ಇಲಾಖೆಗೆ ಹೊಸದಾಗಿ ಸೇರುವ ಹುಡುಗಿಯರು ನಮ್ಮ ಮನೆಗೆ ಬಂದು, ‘ನಿಮ್ಮ ಕಾಲದ ಅಧಿಕಾರಿಗಳು ಎಂಥ ಆದರ್ಶವಾದಿಗಳು, ಜನ ಎಷ್ಟು ಒಳ್ಳೆಯವರು ಅಲ್ಲವೇ’ ಎನ್ನುತ್ತಾರೆ. ಖಾದಿ ಹಾಕಿದವರೆಲ್ಲ ಆದರ್ಶವಾದಿಗಳು, ಬಡವರೆಲ್ಲ ಒಳ್ಳೆಯವರು ಎಂದು ಇವರಿಗೆ ಯಾರು ಹೇಳಿಕೊಟ್ಟರೋ. ಐವತ್ತರ ದಶಕದಲ್ಲಿ ನಾನು ಕೆಲಸ ಮಾಡಿದ ಊರುಗಳಲ್ಲಿ ಜನ ಈಗಿನಷ್ಟೇ ಸ್ವಾರ್ಥಿಗಳಾಗಿದ್ದರು, ಅಧಿಕಾರಿಗಳು ಈಗಿನಷ್ಟೇ ದಡ್ಡರಾಗಿದ್ದರು. ವ್ಯತ್ಯಾಸವೆಂದರೆ ಆಗಿನ ದಡ್ಡತನಕ್ಕೆ ಹೊಸ ಜೀಪಿನ ವಾಸನೆ ಇತ್ತು.

ನಾನು ಹೊಸ ಅಗ್ರಹಾರದ ಹತ್ತಿರದವಳು. ಎಸ್ಸೆಸ್ಸೆಲ್ಸಿ ಮುಗಿಸಿ, ತರಬೇತಿ ಮುಗಿಸಿ, ಮೊದಲು ಹೋಗಿದ್ದು ಗಾವಡಗೆರೆ ಕಡೆಗೆ. ಅಲ್ಲಿ ನನ್ನ ಕೆಲಸ ಹೊಗೆಯಿಲ್ಲದ ಒಲೆ. ಮಣ್ಣು ಕಲಸಿ ಒಲೆ ಹಾಕಿ, ಅದಕ್ಕೊಂದು ಕೊಳವೆ ಇಟ್ಟು, ಕೊಳವೆಯನ್ನು ಹೆಂಚಿನ ಮೇಲಕ್ಕೆ ಹಾಯಿಸಬೇಕು. ನಾನು ಹಾಕಿಕೊಟ್ಟೆ. ಮೊದಲ ಮಳೆಗೆ ಕೊಳವೆಯಿಂದ ನೀರು ಇಳಿದು ಒಲೆಯೇ ಕೆರೆಯಾಯಿತು. ಹೆಂಗಸರು ಪಕ್ಕದಲ್ಲೇ ಮೂರು ಕಲ್ಲಿಟ್ಟುಕೊಂಡು ಅಡಿಗೆ ಶುರು ಮಾಡಿದರು. ಸರ್ಕಾರಿ ಒಲೆಯ ಗೂಡಿನಲ್ಲಿ ಒಬ್ಬಾಕೆ ಕೋಳಿಯನ್ನು ಕಾವಿಗೆ ಕೂರಿಸಿದ್ದಳು. ಮೈಸೂರಿನಿಂದ ತನಿಖೆಗೆ ಬಂದವರು ಬಾಗಿಲಲ್ಲೇ ನಿಂತು ಮೂಗಿನಿಂದ ಗಾಳಿ ಎಳೆದು, ‘ಹೊಗೆಯ ವಾಸನೆಯೇ ಇಲ್ಲ, ಭೇಷ್’ ಎಂದು ಹೋದರು. ಹೊಗೆ ಎಲ್ಲಿಂದ ಬರಬೇಕು? ಬೆಂಕಿಯೇ ಇರಲಿಲ್ಲವಲ್ಲ. ಕೋಳಿ ಮಾತ್ರ ಚೆನ್ನಾಗಿ ಮರಿ ಮಾಡಿತು.

ಆ ಒಲೆಗಳ ಯಶಸ್ಸಿನಿಂದಾಗಿ ನನ್ನನ್ನು ಪಿರಿಯಾಪಟ್ಟಣದ ಕಡೆಗೆ ಹಾಕಿದರು. ಕೊಡಗಿನ ಗಡಿಗೆ ಹತ್ತಿರದ, ಕಾಡಿಗೆ ಅಂಟಿಕೊಂಡ ಊರು. ಹೆಸರನ್ನು ಕಡಂಗದಕೊಪ್ಪಲು ಎಂದಿಟ್ಟುಕೊಳ್ಳಿ. ನಿಜವಾದ ಹೆಸರು ಹೇಳಿದರೆ ಅಲ್ಲಿಯವರು ಈಗಲೂ ಜಗಳಕ್ಕೆ ಬರುತ್ತಾರೆ.

ಕಡಂಗ ಎಂದರೆ ಆಳವಾಗಿ ತೋಡಿದ ಕಂದಕ, ತೋಡಿದ ಮಣ್ಣನ್ನೇ ಒಂದು ಮಗ್ಗುಲಿಗೆ ಏರಿಯ ಹಾಗೆ ಪೇರಿಸಿದ ದಿಬ್ಬ. ಕೊಡಗಿನವರ ಮಾತದು; ಗಡಿಯ ಈಚೆಗೂ ನಿಂತುಬಿಟ್ಟಿದೆ. ಕೊಡಗಿನ ರಾಜರೂ ಪಿರಿಯಾಪಟ್ಟಣದ ಅರಸರೂ ಗಡಿಗಾಗಿ ಕಾದಾಡುತ್ತಿದ್ದ ಕಾಲದ್ದು ಎಂದು ಊರಿನವರು ಹೇಳುತ್ತಿದ್ದರು. ಯಾವ ಅರಸ, ಯಾವ ಕಾಲ ಎಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಕಥೆ ಕಟ್ಟುತ್ತಿದ್ದರು, ಒಂದೂ ಇನ್ನೊಂದಕ್ಕೆ ಹೊಂದುತ್ತಿರಲಿಲ್ಲ. ಕಂದಕ ಕಾಡಿನ ಕಡೆಗೆ, ದಿಬ್ಬ ಊರಿನ ಕಡೆಗೆ. ದಿಬ್ಬದ ಮೇಲೆ ಲಂಟಾನ, ಕಾರೆಮುಳ್ಳು, ಅಲ್ಲಲ್ಲಿ ದೊಡ್ಡ ಮರಗಳು. ಕಡಂಗ ಬೋರೆಯ, ಅಂದರೆ ಬೋಳುದಿಣ್ಣೆಯ, ಬೆನ್ನು ಹತ್ತಿ, ಇಳಿದು, ಮತ್ತೆ ಹತ್ತಿ, ಕಣ್ಣಿಗೆ ಕಾಣುವಷ್ಟು ದೂರ ಎಲ್ಲೂ ತುಂಡಾಗದೆ ಹೋಗುತ್ತಿತ್ತು. ಅರಸರು ಮಣ್ಣು ಸೇರಿ ಎಷ್ಟೋ ಕಾಲವಾಗಿತ್ತು. ಅವರ ಕಡಂಗ ಆನೆ, ಹಂದಿಗಳನ್ನು ಕಾಡಿನ ಕಡೆಯೇ ನಿಲ್ಲಿಸಿಕೊಂಡು ನಿಂತಿತ್ತು.

ಅಲ್ಲಿಗೆ ನಮ್ಮ ಸ್ಪೆಷಲ್ ಆಫೀಸರು ಬಂದರು. ಸೀಮೆಗೆ, ಅಂದರೆ ಇಂಗ್ಲೆಂಡಿಗೆ, ಹೋಗಿ ಏನೋ ತರಬೇತಿ ಪಡೆದು ಆಗಷ್ಟೇ ಹಿಂದಿರುಗಿದ್ದರು. ಸೀಮೆಯಿಂದ ತಂದಿದ್ದ ಉಣ್ಣೆಯ ಕೋಟನ್ನು ಏಪ್ರಿಲ್ ಬಿಸಿಲಿನಲ್ಲೂ ಬಿಚ್ಚುತ್ತಿರಲಿಲ್ಲ. ಜೀಪಿನಿಂದ ಇಳಿದವರೇ ಕಡಂಗದ ಮೇಲೆ ಹತ್ತಿ, ಸೊಂಟದ ಮೇಲೆ ಕೈಯಿಟ್ಟು, ಕಳೆದುಹೋದ ಆಸ್ತಿ ಸಿಕ್ಕಿದವರ ಹಾಗೆ ನೋಡಿದರು. ಇಂಗ್ಲೆಂಡಿನ ಗುಡ್ಡಗಾಡಿನಲ್ಲೂ ಇಂಥವೇ ಹಳೆಯ ಗಡಿದಿಬ್ಬಗಳಿವೆಯಂತೆ. ಅಲ್ಲಿನ ಜಮೀನ್ದಾರರೂ ಮಠದವರೂ ನೂರಾರು ವರ್ಷಗಳ ಹಿಂದೆ ಗುಡ್ಡದ ಮೇಲೆ ದಿಂಬಿನಾಕಾರದ ಮಣ್ಣುಗುಡ್ಡೆಗಳನ್ನು ಹಾಕಿಸಿ, ಅವುಗಳಲ್ಲಿ ಮೊಲ ಬಿಟ್ಟು, ಕಾಯಲು ಆಳನ್ನಿಟ್ಟು, ಮಾಂಸಕ್ಕೂ ತುಪ್ಪಳಕ್ಕೂ ಸಾಕುತ್ತಿದ್ದರಂತೆ. ಬಂಜರು ಬೋರೆ ಬಂಗಾರವಾಗುತ್ತಿತ್ತಂತೆ.

ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಎಷ್ಟೋ ವರ್ಷಗಳ ಮೇಲೆ ಒಂದು ಪುಸ್ತಕದಲ್ಲಿ ನಾನೇ ಓದಿದೆ. ಅಲ್ಲಿ ಹಾಗೆಯೇ ಸಾಕುತ್ತಿದ್ದರಂತೆ. ಆದರೆ ಇಂಗ್ಲೆಂಡಿನ ಗುಡ್ಡಗಳಲ್ಲಿ ಆನೆ ಇಲ್ಲ, ಹೆಬ್ಬಾವಿಲ್ಲ. ಕೋಟು ತಂದವರು ಹವಾಮಾನ ತರಲು ಮರೆತಿದ್ದರು.

ಊರ ಪಟೇಲರು ಶಿವಬಸಪ್ಪನವರು. ಮಾಂಸ ಮುಟ್ಟದ ಲಿಂಗವಂತರು. ದಿನಸಿ ಅಂಗಡಿ ಇತ್ತು, ಕಾಡಿನಿಂದ ಬಿದಿರು ಸಾಗಿಸುವ ಗಾಡಿಗಳಿದ್ದವು. ಅವರಿಗೆ ಮೊಲ ಸಾಕುವುದು ತುಪ್ಪಳಕ್ಕೆ ಮಾತ್ರ ಎಂದು ಸಾಹೇಬರು ಹೇಳಿದರು. ಉಳಿದವರಿಗೆ ಮಾಂಸಕ್ಕೆ ಎಂದರು. ಮೇಲಿನವರಿಗೆ ವಿದೇಶಿ ವಿನಿಮಯಕ್ಕೆ ಎಂದರು. ಒಂದೇ ಮೊಲ ಮೂರು ವೇಷ ಹಾಕಿತು. ಪಟೇಲರು ಒಪ್ಪಿದ್ದು ತುಪ್ಪಳದ ಆಸೆಗೇನಲ್ಲ, ಬೋರೆಯ ಮೇಲೆ ಸರ್ಕಾರದ ಕೆಲಸ ಶುರುವಾದರೆ ತಮಗೊಂದು ದಾರಿ ಸಿಕ್ಕೀತು ಎಂಬ ಲೆಕ್ಕಾಚಾರಕ್ಕೆ. ಅದು ಆಮೇಲೆ ಗೊತ್ತಾಯಿತು.

ಮೊಲ ನೋಡಿಕೊಳ್ಳುವ ಭಾರ ಮಹಿಳಾ ಮಂಡಲದ ಮೇಲೆ ಬಿತ್ತು. ಮಂಡಲಕ್ಕೆ ಮಾದೇವಮ್ಮ ಎಂಬಾಕೆ ಅಧ್ಯಕ್ಷೆ. ಒಕ್ಕಲಿಗರ ಹೆಂಗಸು. ಗಂಡ ಕೆಂಚಪ್ಪ ವರ್ಷದ ಬಹುಪಾಲು ಕೊಡಗಿನ ಕಾಫಿ ತೋಟದಲ್ಲಿ ಕೂಲಿ, ರಾಗಿ ಬಡಿಯುವ ಹೊತ್ತಿಗೆ ಊರಿಗೆ ಬರುತ್ತಿದ್ದ. ಕಡಂಗಕ್ಕೆ ಒತ್ತಿಕೊಂಡ ಹೊಲ, ಅಲ್ಲೇ ಗುಡ್ಲು, ಒಂದು ಜೊತೆ ಎತ್ತು. ಆಕೆಯನ್ನು ಅಧ್ಯಕ್ಷೆ ಮಾಡಿದ್ದು ಆಕೆಯ ಬಾಯಿಗೆ ಹೆದರಿ, ಪ್ರೀತಿಯಿಂದಲ್ಲ. ನನ್ನನ್ನು ಊರಿನವರೆಲ್ಲ ಸೇವ್ಕಮ್ಮ ಎನ್ನುತ್ತಿದ್ದರು; ಆಕೆಯ ಬಾಯಲ್ಲಿ ಅದು ಬೈಗುಳದ ಹಾಗೆ ಕೇಳುತ್ತಿತ್ತು.

ನಾನು ಫ್ಲಾನಲ್ ಬೋರ್ಡಿನ ಮೇಲೆ ಬಟ್ಟೆಯ ಮೊಲ ಅಂಟಿಸಿ ಪಾಠ ಮಾಡಿದೆ. ಆ ಕಾಲದ ಹೊಸ ವಿಧಾನ ಅದು. ಕಿವಿ ಕಿತ್ತು ಅಂಟಿಸಬಹುದು, ಬಾಲ ಕಿತ್ತು ಅಂಟಿಸಬಹುದು. ಮುಂದೆ ಸಿನಿಮಾ ವ್ಯಾನು ಬಂತು, ಆಮೇಲೆ ಇನ್ನೇನೋ ಬಂತು. ಹೆಂಗಸರು ಎಲ್ಲವನ್ನೂ ಒಂದೇ ಥರ ನೋಡಿದರು, ಆಕಳಿಸುತ್ತ. ನೀಲಗಿರಿ ಕಡೆಯಿಂದ ಮರದ ಪೆಟ್ಟಿಗೆಗಳಲ್ಲಿ ಮೊಲಗಳು ಬಂದಾಗ ಮಾದೇವಮ್ಮ ಒಂದನ್ನು ಕಿವಿ ಹಿಡಿದು ಎತ್ತಿದಳು. ಹಾಲಿನಷ್ಟು ಬಿಳಿ, ಕೆಂಪು ಕಣ್ಣು. “ಮೊಲ ಅಂದ್ರೆ ಮಣ್ಣಿನ್ ಬಣ್ಣ ಕಣಾ ಸೇವ್ಕಮ್ಮ. ಇದ್ಕೆ ತೊನ್ನು ಅತ್ತದೆ” ಎಂದು ಕೆಳಗೆ ಬಿಟ್ಟಳು. ಬೇಡ ಎನ್ನಲಿಲ್ಲ. ಪುಕ್ಕಟೆ ಬಂದದ್ದನ್ನು ಆ ಊರಿನಲ್ಲಿ ಯಾರೂ ಬೇಡ ಎನ್ನುತ್ತಿರಲಿಲ್ಲ.

ಈಚೆಗೆಲ್ಲ ಹೊಲ; ಹಾಗಾಗಿ ಸಾಹೇಬರು ಮೊಲದ ಗುಡ್ಡೆಗಳನ್ನು ಕಡಂಗದ ಆಚೆ, ಬೋರೆಯ ನೆತ್ತಿಯ ಮೇಲೆ ಹಾಕಿಸಿದರು. ಎರಡು ಉದ್ದನೆಯ ಮಣ್ಣುಗುಡ್ಡೆ, ಸುತ್ತ ಮುಳ್ಳುಬೇಲಿ. ದೂರದಿಂದ ನೋಡಿದರೆ ಇಬ್ಬರು ದೊಡ್ಡ ಮನುಷ್ಯರನ್ನು ಹೂತ ಹಾಗಿತ್ತು. ಹೆಂಗಸರು ಕಡಂಗದ ಇಳಿಜಾರಿನಲ್ಲಿ ಮೆಟ್ಟಿಲು ಕಡಿದುಕೊಂಡು, ಕಂದಕಕ್ಕೆ ಇಳಿದು ಹತ್ತಿ, ಹುಲ್ಲು ಹೊತ್ತುಕೊಂಡು ಹೋಗುತ್ತಿದ್ದರು. ಕೆಲವು ಮೊಲಗಳು ಸೆಕೆಗೇ ಸತ್ತವು. ಕೆಲವನ್ನು ಕಾಡುಬೆಕ್ಕು ಒಯ್ದಿತು. ಒಂದು ಬೆಳಿಗ್ಗೆ ಹೆಬ್ಬಾವೊಂದು ಹೊಟ್ಟೆ ಉಬ್ಬಿಸಿಕೊಂಡು ಸರ್ಕಾರಿ ಗುಡ್ಡೆಯ ಮೇಲೇ ಮಲಗಿತ್ತು. ಸತ್ತಷ್ಟಕ್ಕೂ ಸಾಹೇಬರು ಬೇರೆ ತರಿಸಿದರು. ಮಳೆಗಾಲ ಹೀಗೆ ಕಳೆಯಿತು.

ಮಳೆ ನಿಂತ ಮೇಲೆ, ಮಂತ್ರಿಗಳು ಮೊಲ ನೋಡಲು ಬರುತ್ತಾರೆ ಎಂದು ಸುದ್ದಿ ಬಂತು. ಮಂತ್ರಿಗಳಿಗೆ ಮೊಣಕಾಲು ನೋವು. ಕಡಂಗ ಹತ್ತಿ ಇಳಿಯುವುದು ಆಗದ ಮಾತು. ಸಾಹೇಬರು ಜೀಪನ್ನು ನೇರವಾಗಿ ಮೊಲದ ತನಕ ಒಯ್ಯಬೇಕು ಎಂದರು. ಪಟೇಲರ ಲೆಕ್ಕಾಚಾರ ಕೈಗೂಡಿದ್ದು ಆಗ. ಅವರೇ ಆಳುಗಳನ್ನು ಕೊಟ್ಟರು, ಗುದ್ದಲಿ ಹಾರೆ ಕೊಟ್ಟರು, ಎಲ್ಲಿ ಕಡಿದರೆ ಸಲೀಸು ಎಂದು ತಾವೇ ನಿಂತು ತೋರಿಸಿದರು. ಮಾದೇವಮ್ಮನ ಹೊಲದ ಪಕ್ಕದಲ್ಲಿ ದಿಬ್ಬವನ್ನು ಸೀಳಿ, ಆ ಮಣ್ಣಿನಿಂದಲೇ ಕಂದಕ ಮುಚ್ಚಿದರು. ಯಾವ ಸೈನ್ಯವೂ ಉರುಳಿಸದ ದಿಬ್ಬ ಒಬ್ಬರ ಮೊಣಕಾಲಿಗೆ ಬಿತ್ತು. ಊರಿನಲ್ಲಿ ಒಬ್ಬರೂ ತಡೆಯಲಿಲ್ಲ. ಪಟೇಲರ ಬಿದಿರು ಗಾಡಿಗೆ ಸುತ್ತು ತಪ್ಪಿತು, ಹೆಂಗಸರಿಗೆ ಸೌದೆ ತರುವುದು ಹಗುರವಾಯಿತು. ಮಾದೇವಮ್ಮನೂ ಅದೇ ದಾರಿಯಲ್ಲಿ ಓಡಾಡಿಕೊಂಡಿದ್ದಳು.

ಮಂತ್ರಿಗಳು ಬಂದ ದಿನ ಒಂದು ಮೊಲವೂ ಬಿಲದಿಂದ ಹೊರಬರಲಿಲ್ಲ. ಅವಕ್ಕಿದ್ದ ಬುದ್ಧಿ ನಮಗಿರಲಿಲ್ಲ. ಸಾಹೇಬರು ಹಸಿ ಸೊಪ್ಪಿಗೆ ಬೆಂಕಿ ಹಚ್ಚಿಸಿ ಬಿಲಕ್ಕೆ ಹೊಗೆ ಹಾಕಿಸಿದರು. ಮೊಲಗಳು ಇನ್ನೊಂದು ಕಡೆಯಿಂದ ಎದ್ದು ದಿಕ್ಕಾಪಾಲಾದವು, ಒಂದು ಮಂತ್ರಿಗಳ ಪಂಚೆಯ ಅಡಿಯಲ್ಲೇ ನುಗ್ಗಿತು. ಅವರು ನಕ್ಕರು, ಆದ್ದರಿಂದ ಎಲ್ಲರೂ ನಕ್ಕೆವು. ಹೋಗುವಾಗ ಮಂತ್ರಿಗಳು ಕಡಂಗವನ್ನು ಉದ್ದಕ್ಕೂ ನೋಡಿ, ಇದನ್ನು ಯಾವ ಇಲಾಖೆ ಕಟ್ಟಿಸಿತು, ಕೆಲಸ ಚೆನ್ನಾಗಿದೆ ಎಂದರು. ಸಾಹೇಬರು, ‘ವಿಚಾರಿಸಿ ತಿಳಿಸುತ್ತೇನೆ ಸಾರ್’ ಎಂದರು.

ಆಮೇಲೆ ಮೊಲಗಳನ್ನು ಕೇಳುವವರಿರಲಿಲ್ಲ. ಉಳಿದವು ಯಾರ ಯಾರ ಸಾರಿನಲ್ಲಿ ಬೆಂದವು ಎಂಬುದು ನನಗೆ ಗೊತ್ತು. ರುಚಿ ಏನೂ ಇರಲಿಲ್ಲವಂತೆ. ಬೋರೆಯ ಮೇಲೆ ಬರೀ ಗುಡ್ಡೆಗಳು ಉಳಿದವು, ಕಡಂಗದಲ್ಲಿ ಕಂಡಿ ಉಳಿಯಿತು. ಅದನ್ನು ಮುಚ್ಚಬೇಕು ಎಂದು ಯಾರಿಗೂ ಹೊಳೆಯಲಿಲ್ಲ. ನನಗೂ ಹೊಳೆಯಲಿಲ್ಲ.

ರಾಗಿ ತೆನೆ ಕಟ್ಟಿ ಬಣ್ಣ ತಿರುಗುವ ಹೊತ್ತಿಗೆ ಆನೆಗಳು ಬಂದವು. ಕಂಡಿಯನ್ನು ಅವು ಹುಡುಕಬೇಕಾಗಿರಲಿಲ್ಲ. ಜೀಪಿಗೆಂದು ಮಾಡಿದ ದಾರಿ ಆನೆಗೆ ಅಗಲವಾಗಿಯೇ ಇತ್ತು. ಹಿಂದಿನ ದಿನ ಆಫೀಸಿನ ಕೆಲಸಕ್ಕೆ ಹೋಗಿದ್ದ ನಾನು ಊರು ತಲುಪಿದಾಗ ಬಿಸಿಲೇರಿತ್ತು. ಮಾದೇವಮ್ಮನ ಹೊಲವನ್ನು ನೋಡಿದರೆ, ಅಲ್ಲಿ ರಾಗಿ ಇತ್ತೆಂದು ಹೇಳಬೇಕಾದರೆ ಮೊದಲೇ ಗೊತ್ತಿದ್ದವರೇ ಆಗಬೇಕಿತ್ತು. ತಿಂದದ್ದು ಸ್ವಲ್ಪ, ತುಳಿದದ್ದೇ ಎಲ್ಲ. ಗುಡ್ಲಿನ ಗೋಡೆ ಮಲಗಿತ್ತು. ಕಾವಲಿಗೆಂದು ಮರದ ಮೇಲಿನ ಅಟ್ಟಣೆಯಲ್ಲಿ ಇದ್ದುದರಿಂದ ಆಕೆ ಉಳಿದಿದ್ದಳು. ಗುಡ್ಲಿಗೆ ಕಟ್ಟಿದ್ದ ಎತ್ತುಗಳಲ್ಲಿ ಒಂದು ಹಗ್ಗ ಕಿತ್ತುಕೊಂಡು ಓಡಿತ್ತು. ಇನ್ನೊಂದು ಗೋಡೆಯ ಅಡಿಗೆ ಸಿಕ್ಕಿ ಸತ್ತಿತ್ತು. ಆಕೆ ಅದರ ತಲೆಯ ಹತ್ತಿರ ಕೂತು ಕೊಂಬಿನ ಮಣ್ಣನ್ನು ಸೆರಗಿನಿಂದ ಒರೆಸುತ್ತಿದ್ದಳು. ಅಳುತ್ತಿರಲಿಲ್ಲ. ನನ್ನನ್ನು ನೋಡಿ ಬಾಯಿಗೆ ಬಂದ ಹಾಗೆ ಬೈದಳು. ನಾನು ಕೇಳಿಸಿಕೊಂಡೆ. ತರಬೇತಿಯಲ್ಲಿ ಕಲಿಸಿದ ಯಾವುದೂ ಅಲ್ಲಿಗೆ ಹೊಂದುತ್ತಿರಲಿಲ್ಲ.

ಆಕೆಯನ್ನು ಕರೆದುಕೊಂಡು ಸಾಹೇಬರ ಬಳಿಗೆ ಹೋದೆ. ಅವರು ಮೊದಲು ಇದು ಅರಣ್ಯದವರ ವಿಷಯ ಎಂದರು. ಅರಣ್ಯದವರು ಆನೆ ಕಾಡಿನೊಳಗೆ ಇದ್ದಾಗ ಮಾತ್ರ ತಮ್ಮದು ಎಂದರು. ಕಂದಾಯದವರು ಕಂಡಿ ಮುಚ್ಚುವುದು ಕಡಿದವರ ಕೆಲಸ ಎಂದರು. ಸುತ್ತಿ ಸುತ್ತಿ ಮತ್ತೆ ಸಾಹೇಬರ ಮೇಜಿನ ಮುಂದೆಯೇ ಬಂದು ನಿಂತೆವು. ಅವರು ಕೋಟಿನ ಗುಂಡಿ ಸರಿಮಾಡಿಕೊಂಡರು.

“ನೋಡಮ್ಮ, ಕಡಂಗ ಕಡಿಯೋದು ನಮ್ಮ ಸ್ಕೀಮಿನಲ್ಲೇ ಇಲ್ಲ. ಅಲ್ಲಿ ಇಲಾಖೆ ಮಾಡಿದ ದಾರಿ ಅಂತ ಯಾವುದೂ ಇಲ್ಲ. ಇಲ್ಲದ ದಾರಿಯಿಂದ ಆನೆ ಬಂತು ಅಂದರೆ ನಾನೇನು ಮಾಡಲಿ?”

ಮಾದೇವಮ್ಮ ಮೇಜಿನ ಹತ್ತಿರಕ್ಕೆ ಬಂದಳು. “ಮೊಲ ಸಾಕಿ ಅಂದ್ರಿ ಸೋಮಿ, ಸಾಕುದ್ವಿ. ಈಗ ಆನೆ ಬಂದವೆ. ಅವ್ನೂ ನಾವೇ ಸಾಕ್ಬೇಕಾ?”

ಸಾಹೇಬರು ನನಗೆ, ಇಂಥವರನ್ನು ಆಫೀಸಿಗೆ ಕರೆತರಬಾರದು ಎಂದು ಇಂಗ್ಲಿಷಿನಲ್ಲಿ ಹೇಳಿದರು. ಹೊರಗೆ ಬಂದ ಮೇಲೆ ಮಾದೇವಮ್ಮ ಅವರು ಏನೆಂದರು ಎಂದು ಕೇಳಿದಳು. ಹೇಳಿದೆ. ಆಕೆ ನಡೆಯುತ್ತಲೇ ಎಲೆಯಡಿಕೆ ಬಾಯಿಗೆ ಹಾಕಿಕೊಂಡಳು.

ಮಾರನೆಯ ದಿನ ಆಕೆ ಒಬ್ಬಳೇ ಗುದ್ದಲಿ, ಮಂಕರಿ ತೆಗೆದುಕೊಂಡು ಕಂಡಿಯಲ್ಲಿ ನಿಂತಳು. ಕಂದಕಕ್ಕೆ ತುಂಬಿದ್ದ ಮಣ್ಣನ್ನು ಅಗೆದು, ಮಂಕರಿಗೆ ತುಂಬಿ, ದಿಬ್ಬದ ಬಾಯಿಗೆ ಸುರಿಯುವುದು. ಒಬ್ಬಳ ಕೈಯಲ್ಲಿ ಮುಗಿಯುವ ಕೆಲಸವಲ್ಲ. ಊರಿನವರು ದೂರ ನಿಂತು ನೋಡಿದರು. ಅವರ ಹೊಲಗಳು ಕಂಡಿಯಿಂದ ದೂರಕ್ಕಿದ್ದವು, ಆನೆ ಅವರ ತನಕ ಇನ್ನೂ ಬಂದಿರಲಿಲ್ಲ. ಮುಂದಿನ ವಾರ ಆನೆಗಳು ಮತ್ತೆ ಬಂದು, ಆಕೆಯ ಹೊಲದಲ್ಲಿ ಏನೂ ಸಿಗದೆ ಪಕ್ಕದವರ ಹೊಲಕ್ಕೆ ದಾಟಿದವು. ಆಗ ಮಂಡಲದ ಹೆಂಗಸರೆಲ್ಲ ಮಂಕರಿ ಹಿಡಿದು ಬಂದರು. ಇದನ್ನು ಒಗ್ಗಟ್ಟು ಎಂದು ಭಾಷಣ ಮಾಡುವವರಿದ್ದಾರೆ. ನಾನು ಕಣ್ಣಾರೆ ಕಂಡಿದ್ದೇನೆ. ಅವರನ್ನು ಕರೆತಂದದ್ದು ಆನೆ ನುಗ್ಗಿದ ಪಕ್ಕದ ಹೊಲ. ನಾನೂ ಸೀರೆ ಎತ್ತಿ ಕಟ್ಟಿ ಸಾಲಿನಲ್ಲಿ ನಿಂತು ಮಂಕರಿ ದಾಟಿಸಿದೆ.

ದಿಬ್ಬ ಸೊಂಟದ ಎತ್ತರಕ್ಕೆ ಬಂದಿದ್ದಾಗ ಕಾಡಿನ ಕಡೆಯಿಂದ ಪಟೇಲರ ಬಿದಿರಿನ ಗಾಡಿ ಬಂತು. ಹಿಂದೆ ಸೈಕಲ್ ಮೇಲೆ ಪಟೇಲರು. ಗಾಡಿ ನಿಂತಿತು. ಪಟೇಲರು ಇಳಿದು, ಸಿಟ್ಟನ್ನು ನುಂಗಿಕೊಂಡು, ಮೆತ್ತಗೆ ಮಾತಾಡಿದರು.

“ಮಾದೇವಿ, ದಾರಿ ಬುಡು. ಗಾಡಿ ಓಗ್ಬೇಕು.”

“ದಾರಿ ಎಲ್ಲದೆ ಪಟೇಲ್ರೇ? ಇದು ಕಡಂಗ.”

“ಸರ್ಕಾರ ಮಾಡಿದ್ ದಾರಿ ಕಣಮ್ಮಿ. ನಾಳೆ ಪೋಲೀಸ್ನೋರು ಬಂದ್ರೆ ನನ್ನ ಕೇಳ್ಬ್ಯಾಡ.”

ಮಾದೇವಮ್ಮ ಮಂಕರಿಯನ್ನು ತಲೆಯಿಂದ ಇಳಿಸಲಿಲ್ಲ. “ಇಲ್ಲಿ ದಾರಿನೇ ಇಲ್ಲ ಅಂತ ಮೊಲದ್ ಸಾಯೇಬ್ರೇ ಏಳವ್ರೆ. ಈ ಸೇವ್ಕಮ್ಮನ ಮುಂದ್ಲೇ ಏಳವ್ರೆ. ಕೇಳ್ಕಳಿ.”

ಪಟೇಲರು ನನ್ನತ್ತ ತಿರುಗಿದರು. ಹೆಂಗಸರೂ ತಿರುಗಿದರು. ಪಟೇಲರ ಮಾತು ಸಾಹೇಬರ ತನಕ, ಸಾಹೇಬರ ಮಾತು ಮೈಸೂರಿನ ತನಕ ನಡೆಯುತ್ತದೆ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ನನ್ನ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ, ಮನೆಯಲ್ಲಿ ಆ ಸಂಬಳವನ್ನು ನಂಬಿದವರಿದ್ದರು. ಕೈಯಲ್ಲಿದ್ದ ಮಂಕರಿಯನ್ನು ಪಕ್ಕದವಳಿಗೆ ಕೊಟ್ಟೆ.

“ಹೌದು ಪಟೇಲರೇ. ಇಲಾಖೆ ಇಲ್ಲಿ ಯಾವ ದಾರಿಯನ್ನೂ ಮಾಡಿಲ್ಲ ಅಂತ ಸಾಹೇಬರೇ ಹೇಳಿದ್ದಾರೆ. ದಾರಿ ಇಲ್ಲದ ಮೇಲೆ ಅದನ್ನ ಮುಚ್ಚೋದಕ್ಕೆ ಯಾರಪ್ಪಣೆಯೂ ಬೇಕಾಗಿಲ್ಲ.”

ಪಟೇಲರು ಸೈಕಲ್ಲನ್ನು ಹಿಂದಕ್ಕೆ ತಿರುಗಿಸಿದರು. ಆಮೇಲೆ ಗಾಡಿಯವನಿಗೆ ಸನ್ನೆ ಮಾಡಿದರು. ಬಿದಿರು ತುಂಬಿದ ಗಾಡಿಯನ್ನು ಬೋರೆಯ ಮೇಲೆ ತಿರುಗಿಸುವುದು ಸುಲಭವಲ್ಲ. ನಾವೆಲ್ಲ ಕೆಲಸ ನಿಲ್ಲಿಸಿ ನೋಡಿದೆವು. ಯಾರೂ ನಗಲಿಲ್ಲ, ಮಾದೇವಮ್ಮನೂ ನಗಲಿಲ್ಲ.

ಕಂಡಿ ಮುಚ್ಚಿದ ಸುದ್ದಿ ಮುಟ್ಟಿದಾಗ ಸಾಹೇಬರು ಸಿಡಿಯುತ್ತಾರೆ ಎಂದುಕೊಂಡಿದ್ದೆ. ಅವರು ನನಗಿಂತ ಜಾಣರು. ಫೋಟೋಗ್ರಾಫರನನ್ನು ಕರೆದುಕೊಂಡು ಬಂದರು. ಇದು ಶ್ರಮದಾನವಂತೆ, ಇದರ ಪ್ರೇರಣೆ ತಮ್ಮದಂತೆ. ಮಾದೇವಮ್ಮ ಮಂಕರಿ ಹೊತ್ತು ನಗುತ್ತ ನಿಲ್ಲಬೇಕು ಎಂದರು. ಆಕೆ ದಿಬ್ಬದ ಮೇಲೆ ಬೆನ್ನು ಹಾಕಿ ಕೂತುಬಿಟ್ಟಳು. ಎಷ್ಟು ಕರೆದರೂ ಏಳಲಿಲ್ಲ. ಕೊನೆಗೆ ಸಾಹೇಬರೇ ಕೋಟಿನ ಮೇಲೆ ಮಣ್ಣು ಬೀಳದ ಹಾಗೆ ಖಾಲಿ ಮಂಕರಿಯನ್ನು ತಲೆಯ ಮೇಲಿಟ್ಟುಕೊಂಡು ನಿಂತರು. ಆ ಫೋಟೋ ಬಹಳ ವರ್ಷ ಆಫೀಸಿನ ಗೋಡೆಯ ಮೇಲಿತ್ತು. ಹಿಂದುಗಡೆ ಮಸುಕಾಗಿ ಕಾಣುವ ಬೆನ್ನು ಯಾರದೆಂದು ಯಾರೂ ಕೇಳಲಿಲ್ಲ. ಸಾಹೇಬರು ಮೇಲಕ್ಕೆ ಹೋದರು. ಅವರು ಮುಂದೆ ಏನೇನು ಸಾಕಿಸಿದರೋ ನನಗೆ ತಿಳಿಯದು.

ಆ ವರ್ಷ ಮಾದೇವಮ್ಮನ ಮನೆಯಲ್ಲಿ ಉಣ್ಣಲು ರಾಗಿ ಇರಲಿಲ್ಲ. ಕೆಂಚಪ್ಪನ ಜೊತೆ ಆಕೆಯೂ ಕೊಡಗಿಗೆ ಹೋಗಿ ಕಾಫಿ ಹಣ್ಣು ಕಿತ್ತಳು. ಬೇಸಿಗೆಯಲ್ಲಿ ಹಿಂದಿರುಗಿ, ಒಂಟಿ ಎತ್ತಿಗೆ ಬೇರೆಯವರ ಎತ್ತನ್ನು ಮುಯ್ಯಿಗೆ ಕಟ್ಟಿ ಹೊಲ ಉತ್ತಳು. ಸರ್ಕಾರದಿಂದ ಆಕೆಗೆ ಏನೂ ಬರಲಿಲ್ಲ. ಬರುತ್ತದೆ ಎಂದು ನಾನು ಹೇಳಲೂ ಇಲ್ಲ.

ಇಲಾಖೆ ನನ್ನನ್ನು ಮರೆತಿರಲಿಲ್ಲ. ಮುಂದಿನ ರಾಗಿ ಕೊಯ್ಲಿನ ಹೊತ್ತಿಗೆ ಎಚ್.ಡಿ. ಕೋಟೆಯ ಅಂತರಸಂತೆ ಕಡೆಗೆ ವರ್ಗವಾಯಿತು. ಇದಕ್ಕಿಂತ ದಟ್ಟವಾದ ಕಾಡಿನಂಚಿನ ಊರಿನಲ್ಲಿ ಒಂಟಿ ಹೆಣ್ಣಿಗೆ ಅದು ಶಿಕ್ಷೆ ಎಂದೇ ಎಲ್ಲರ ಎಣಿಕೆ. ನಾನು ಹೊರಡುವ ದಿನ ಮಂಡಲದ ಹೆಂಗಸರು ಅರಿಶಿನ ಕುಂಕುಮ ಕೊಟ್ಟು ಬಸ್ಸಿನ ತನಕ ಬಂದರು. ಪಟೇಲರೂ ಒಂದು ನಿಂಬೆಹಣ್ಣು ಹಿಡಿದುಕೊಂಡು ಬಂದಿದ್ದರು, ನಾನು ನಿಜವಾಗಿಯೂ ಹೋಗುತ್ತೇನೆಯೇ ಎಂದು ನೋಡಲು. ಮಾದೇವಮ್ಮ ಬರಲಿಲ್ಲ.

ಬಸ್ಸು ಕಡಂಗದ ಪಕ್ಕದ ರಸ್ತೆಯಲ್ಲಿ ಸಾಗುವಾಗ ಆಕೆಯ ಹೊಲ ಕಂಡಿತು. ರಾಗಿ ಮಂಡಿಯೆತ್ತರ ಬೆಳೆದು ಕೆಂಪಗೆ ಬಾಗಿತ್ತು. ಆಕೆ ಬಗ್ಗಿ ಕುಡುಗೋಲು ಆಡಿಸುತ್ತಿದ್ದಳು, ಹಿಂದೆ ಕೆಂಚಪ್ಪ ಕೊಯ್ದದ್ದನ್ನು ಹಿಡಿಹಿಡಿಯಾಗಿ ಅರಿ ಹಾಕಿಕೊಂಡು ಬರುತ್ತಿದ್ದ. ನಾನು ಕಿಟಕಿಯಿಂದ ಕೂಗಿದೆ. ಬಸ್ಸಿನ ಸದ್ದಿಗೆ ಕೇಳಿಸಿತೋ ಇಲ್ಲವೋ. ಆಕೆ ತಲೆ ಎತ್ತಲಿಲ್ಲ. ಎತ್ತಬೇಕಾಗಿಯೂ ಇರಲಿಲ್ಲ, ಕೊಯ್ಯಬೇಕಾದದ್ದು ಇನ್ನೂ ಅರ್ಧ ಹೊಲ ಉಳಿದಿತ್ತು.